54 ದಿನ, ಒಂದು ಕೈಕೊಡಲಿ: ಕಥೆಯ ಮಕ್ಕಳು ಕಾಡಿನಿಂದ ಬದುಕಿ ಬರುವುದು ಹೇಗೆ?

ಅಮೆರಿಕದಲ್ಲಿರುವ ಅಕ್ಕನ ಮಗಳು ಹೋದ ತಿಂಗಳು ಫೋನ್ ಮಾಡಿದ್ದಳು. ಆರನೇ ಕ್ಲಾಸು. ಶಾಲೆಯಲ್ಲಿ ‘ಹ್ಯಾಚೆಟ್’ ಅನ್ನುವ ಕಾದಂಬರಿ ಓದಿಸಿದ್ದಾರೆ. ಅದರಲ್ಲಿ ಬ್ರಯಾನ್ ಅನ್ನುವ ಹುಡುಗ ಕಾಡಿನಲ್ಲಿ ಒಬ್ಬನೇ ಸಿಕ್ಕಿಹಾಕಿಕೊಳ್ಳುತ್ತಾನೆ. ಅವನು ತನ್ನ ಕಷ್ಟಗಳನ್ನು ಹೇಗೆ ದಾಟಿದ ಅಂತ ಬರೆಯಬೇಕು, ಅದೇ ಹೋಂವರ್ಕು. “ಮಾಮ, ಅವನು ತುಂಬಾ ಧೈರ್ಯವಂತ, ಅದಕ್ಕೇ ಬದುಕಿದ ಅಂತ ಬರೆದೆ. ಮಿಸ್ ವಾಪಸ್ ಕೊಟ್ಟುಬಿಟ್ಟರು. ‘ಹೇಗೆ’ ಅಂತ ಕೇಳಿದ್ದೀನಿ, ಅದನ್ನ ಬರಿ ಅಂದರು” ಅಂತ ಮುಖ ಸಣ್ಣದು ಮಾಡಿಕೊಂಡಿದ್ದಳು. ಅಕ್ಕನಿಗೆ ಆ ಪುಸ್ತಕ ಗೊತ್ತಿಲ್ಲ. ಭಾವನಿಗೂ ಗೊತ್ತಿಲ್ಲ.

ಅಮೆರಿಕದ ಶಾಲೆಗಳಲ್ಲಿ ಈ ಬಗೆಯ ಪುಸ್ತಕಗಳನ್ನು ಓದಿಸುವುದು ಮಾಮೂಲು. ಕನ್ನಡದ ಮನೆಗಳಿಗೂ ಮಕ್ಕಳ ಚೀಲದೊಳಗೆ ಕೂತು ಬರುತ್ತವೆ. ಮಕ್ಕಳು ಪ್ರಶ್ನೆ ಕೇಳಿದಾಗ ಅಪ್ಪ ಅಮ್ಮನಿಗೆ ತಲೆಬುಡ ತಿಳಿಯುವುದಿಲ್ಲ. ಅಂಥವರಿಗಾಗಿ ಮೊದಲಿಂದ ಹೇಳುತ್ತೇನೆ.

## ಸರ್ವೈವಲ್ ಕಾದಂಬರಿ ಅಂದರೆ ಏನು?

ಜೀವ ಉಳಿಸಿಕೊಳ್ಳುವುದೇ ಕಥೆಯ ಪೂರ್ತಿ ಕೆಲಸ ಆಗಿರುವ ಕಾದಂಬರಿ. ಸಾಹಸ ಕಥೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಸಾಹಸ ಕಥೆಯ ಹುಡುಗ ನಿಧಿಯನ್ನೋ ಗುಹೆಯನ್ನೋ ಹುಡುಕಿಕೊಂಡು ತಾನಾಗಿ ಅಪಾಯಕ್ಕೆ ಹೋಗುತ್ತಾನೆ. ಇಲ್ಲಿ ಮಕ್ಕಳು ಬೇರೆಲ್ಲಿಗೋ ಹೊರಟಿರುತ್ತಾರೆ. ಅಪಾಯ ಅವರ ಮೇಲೆ ಬಂದು ಬೀಳುತ್ತದೆ.

‘ಹ್ಯಾಚೆಟ್’ ಬರೆದವರು ಗ್ಯಾರಿ ಪಾಲ್ಸನ್. 1988ರಲ್ಲಿ ಅದಕ್ಕೆ ನ್ಯೂಬೆರಿ ಗೌರವ ಸಿಕ್ಕಿತು, ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ದೊಡ್ಡ ಮನ್ನಣೆ ಅದು. ಬ್ರಯಾನ್‌ಗೆ 13 ವರ್ಷ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಕೆನಡಾದ ಉತ್ತರದ ತೈಲ ಬಾವಿಗಳ ಹತ್ತಿರ ಇರುವ ಅಪ್ಪನನ್ನು ನೋಡಲು ಪುಟ್ಟ ವಿಮಾನದಲ್ಲಿ ಹೊರಟಿರುತ್ತಾನೆ. ಹಾರುತ್ತಿರುವಾಗಲೇ ಪೈಲಟ್‌ಗೆ ಹೃದಯಾಘಾತ. ವಿಮಾನ ಒಂದು ಸರೋವರಕ್ಕೆ ಬೀಳುತ್ತದೆ. ಹೊರಡುವಾಗ ಅಮ್ಮ ಕೊಟ್ಟಿದ್ದ ಕೈಕೊಡಲಿ ಮಾತ್ರ ಸೊಂಟದಲ್ಲಿ ಉಳಿದಿರುತ್ತದೆ. ಹ್ಯಾಚೆಟ್ ಅಂದರೆ ಅದೇ, ಒಂದು ಕೈಯಲ್ಲಿ ಬೀಸುವ ಚಿಕ್ಕ ಕೊಡಲಿ.

ಇನ್ನೂ ಮೂರು ಪುಸ್ತಕಗಳನ್ನು ಜೊತೆಗಿಟ್ಟುಕೊಳ್ಳೋಣ. ಸ್ಕಾಟ್ ಓ’ಡೆಲ್ 1960ರಲ್ಲಿ ಬರೆದ ‘ಐಲ್ಯಾಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್’ನಲ್ಲಿ ಕರಾನ ಅನ್ನುವ ಹುಡುಗಿ ದ್ವೀಪವೊಂದರಲ್ಲಿ ವರ್ಷಗಟ್ಟಲೆ ಒಬ್ಬಳೇ ಬದುಕುತ್ತಾಳೆ. ಜೀನ್ ಕ್ರೇಗ್‌ಹೆಡ್ ಜಾರ್ಜ್ 1972ರಲ್ಲಿ ಬರೆದ ‘ಜೂಲಿ ಆಫ್ ದಿ ವುಲ್ವ್ಸ್’ನ ಮಿಯಾಕ್ಸ್ ಅಲಾಸ್ಕಾದ ಹಿಮಬಯಲಲ್ಲಿ ದಾರಿ ತಪ್ಪುತ್ತಾಳೆ, ಅವಳಿಗೂ 13. ಇನ್ನೊಂದು ನಮಗೆ ಹತ್ತಿರದ್ದು, ಯಾನ್ ಮಾರ್ಟೆಲ್ ಅವರ ‘ಲೈಫ್ ಆಫ್ ಪೈ’. ಸಿನಿಮಾ ಬಹಳ ಜನ ನೋಡಿದ್ದೀರಿ. ಪುದುಚೇರಿಯ 16ರ ಹುಡುಗ, ಹುಲಿಯ ಜೊತೆ 227 ದಿನ ಸಮುದ್ರದಲ್ಲಿ.

ಎಲ್ಲದರಲ್ಲೂ ಒಂದು ಸಮಾನ ಅಂಶ ಕಾಣುತ್ತದೆ, ದೊಡ್ಡವರು ಇಲ್ಲ. ಸತ್ತಿರುತ್ತಾರೆ ಅಥವಾ ದೂರ ಇರುತ್ತಾರೆ. ಇದು ಬರೆಯುವವರ ಕಲ್ಲುಮನಸ್ಸಲ್ಲ. ಅಪ್ಪ ಪಕ್ಕದಲ್ಲಿದ್ದರೆ ಬೆಂಕಿ ಹಚ್ಚುವುದು ಅಪ್ಪನೇ. ಮಗು ತಾನೇ ಯೋಚಿಸಬೇಕಾದರೆ, ತಿರುಗಿ ನೋಡಿದಾಗ ಹಿಂದೆ ಯಾರೂ ಇರಬಾರದು.

## ಯಾವುದು ಮೊದಲು, ಯಾವುದು ಆಮೇಲೆ?

ಕಾಡಿನಲ್ಲಿ ಸಿಕ್ಕಿಬಿದ್ದವರ ವಿಷಯದಲ್ಲಿ ಒಂದು ಹಳೆಯ ಲೆಕ್ಕ ಇದೆ. ಮೂರರ ಲೆಕ್ಕ ಅಂತಾರೆ. ಮನುಷ್ಯ ಬದುಕಬಲ್ಲದ್ದು ಗಾಳಿ ಇಲ್ಲದೆ 3 ನಿಮಿಷ, ಕೊರೆಯುವ ಚಳಿ ಅಥವಾ ಸುಡುವ ಬಿಸಿಲಲ್ಲಿ ಮರೆ ಇಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟ ಇಲ್ಲದೆ 3 ವಾರ. ಇದು ತಕ್ಕಡಿಯಲ್ಲಿ ತೂಗಿದ ಲೆಕ್ಕ ಅಲ್ಲ, ಅಂದಾಜು. ಆದರೆ ಯಾವುದಕ್ಕೆ ಅವಸರ ಪಡಬೇಕು ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ. ನಮಗೆ ಹೊಟ್ಟೆ ಹಸಿದರೆ ಅದೇ ದೊಡ್ಡ ಕಷ್ಟ ಅನ್ನಿಸುತ್ತದೆ ಅಲ್ವಾ? ಈ ಲೆಕ್ಕದಲ್ಲಿ ಹಸಿವು ಕೊನೆಯ ಸಾಲಿನಲ್ಲಿದೆ.

ಬ್ರಯಾನ್‌ಗೆ ಈ ಲೆಕ್ಕ ಗೊತ್ತಿಲ್ಲ. ಮೊದಲು ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ವಾಂತಿ ಮಾಡುತ್ತಾನೆ. ಸೊಳ್ಳೆ, ನೊಣ ಮುತ್ತಿ ಮುಖ ಊದುತ್ತದೆ. ಆಮೇಲೆ ಕಲ್ಲಿನ ಚಾಚಿನ ಕೆಳಗೆ ಒಂದು ಗುಹೆಯಂಥ ಜಾಗ ಹುಡುಕಿಕೊಳ್ಳುತ್ತಾನೆ. ಹೆಸರು ಗೊತ್ತಿಲ್ಲದ ಕೆಂಪು ಹಣ್ಣು ಸಿಕ್ಕಾಪಟ್ಟೆ ತಿಂದು ರಾತ್ರಿಯಿಡೀ ಹೊಟ್ಟೆನೋವಿನಿಂದ ಒದ್ದಾಡುತ್ತಾನೆ.

ಈ ಗೊಂದಲದ ನಡುವೆ ಅವನು ಒಂದು ಕೆಲಸ ಮಾಡುತ್ತಾನೆ. ಮಕ್ಕಳು ಅದನ್ನು ಓದದೇ ದಾಟಿಬಿಡುತ್ತಾರೆ, ನನಗೆ ಮಾತ್ರ ಅದು ಪುಸ್ತಕದ ತಿರುವು. ಕೂತು ಜೇಬು ಖಾಲಿ ಮಾಡುತ್ತಾನೆ. ಒಂದಿಷ್ಟು ಚಿಲ್ಲರೆ ನಾಣ್ಯ, ಒಂದು ಉಗುರು ಕತ್ತರಿ, ಪರ್ಸು, ಅದರೊಳಗೆ 20 ಡಾಲರ್ ನೋಟು. ಸೊಂಟದಲ್ಲಿ ಕೊಡಲಿ. ಅಷ್ಟನ್ನೂ ನೆಲದ ಮೇಲೆ ಹರವಿ ನೋಡುತ್ತಾನೆ. ಆಗ ಶಾಲೆಯ ಮೇಷ್ಟ್ರು ಹೇಳುತ್ತಿದ್ದ ಮಾತು ನೆನಪಾಗುತ್ತದೆ: ನಿನ್ನ ಹತ್ತಿರ ಇರುವುದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ನೀನೇ. ಪಟ್ಟಿಗೆ ತನ್ನನ್ನೂ ಸೇರಿಸಿಕೊಳ್ಳುತ್ತಾನೆ.

ತಿಂಗಳ ಕೊನೆಯಲ್ಲಿ ಅಮ್ಮಂದಿರು ಡಬ್ಬಿಗಳ ಮುಚ್ಚಳ ತೆಗೆದು ನೋಡುವುದಿಲ್ವಾ? ಅಕ್ಕಿ ಇಷ್ಟಿದೆ, ಬೇಳೆ ಮುಗಿದಿದೆ, ಹಾಗಾದರೆ ನಾಳೆಗೆ ಏನು ಮಾಡಬಹುದು. ಅದೇ ಕೆಲಸ ಇದು. “ನಾನು ಕಾಡಿನಲ್ಲಿ ಕಳೆದುಹೋಗಿದ್ದೀನಿ” ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ, ಅದು ಅಷ್ಟು ದೊಡ್ಡದು. “ಈ ಗೂಡಿನ ಬಾಯಿ ಹೇಗೆ ಮುಚ್ಚಲಿ” ಅನ್ನುವುದಕ್ಕೆ ಉತ್ತರ ಸಿಗುತ್ತದೆ. ಈ ಕಥೆಗಳ ಮಕ್ಕಳು ಮಾಡುವುದು ಇದನ್ನೇ. ಕೈಗೆ ಸಿಗದ ಒಂದು ಭಯವನ್ನು ಕೈಗೆ ಸಿಗುವ ಹತ್ತು ಕೆಲಸಗಳಾಗಿ ಒಡೆದುಕೊಳ್ಳುತ್ತಾರೆ.

## ಬೆಂಕಿ ಬಂದದ್ದು ಹೇಗೆ?

ಒಂದು ರಾತ್ರಿ ಗೂಡಿನೊಳಗೆ ಏನೋ ನುಗ್ಗುತ್ತದೆ. ಕತ್ತಲು. ಬ್ರಯಾನ್ ಹೆದರಿ ಕೊಡಲಿ ಬೀಸಿ ಎಸೆಯುತ್ತಾನೆ. ಅದು ಗುರಿ ತಪ್ಪಿ ಕಲ್ಲಿನ ಗೋಡೆಗೆ ಬಡಿದು ಕಿಡಿ ಚೆಲ್ಲುತ್ತದೆ. ಬಂದದ್ದು ಮುಳ್ಳುಹಂದಿ. ಅವನ ಕಾಲಿಗೆ ಮುಳ್ಳು ಚುಚ್ಚಿ ಹೋಗುತ್ತದೆ. ನೋವಿನಲ್ಲಿ ಅತ್ತು ಅತ್ತು ಸುಸ್ತಾಗುತ್ತಾನೆ. ಅತ್ತು ಮುಗಿದ ಮೇಲೆ ನೋಡಿದರೆ ಏನೂ ಬದಲಾಗಿಲ್ಲ. ಕಾಲು ಹಾಗೇ ನೋಯುತ್ತಿದೆ, ಕತ್ತಲು ಹಾಗೇ ಇದೆ.

ಬೆಳಗ್ಗೆ ಆ ಕಿಡಿ ನೆನಪಾಗುತ್ತದೆ. ಕಬ್ಬಿಣ, ಕಲ್ಲು, ಕಿಡಿ. ನಮ್ಮ ಅಜ್ಜಂದಿರಿಗೆ ಇದು ಹೊಸದಲ್ಲ, ಚಕಮಕಿ ಕಲ್ಲು ಅಂದರೆ ಇದೇ. ಗಟ್ಟಿ ಕಲ್ಲು ಉಕ್ಕಿನಿಂದ ಸಣ್ಣ ಚೂರನ್ನು ಹೆರೆದು ಹಾರಿಸುತ್ತದೆ. ಉಜ್ಜಾಟಕ್ಕೆ ಕಾದ ಆ ಚೂರು ಗಾಳಿಗೆ ಸೋಕಿದ ಕೂಡಲೇ ಹೊಳೆದು ಉರಿಯುತ್ತದೆ. ಕಿಡಿ ಅಂದರೆ ಉರಿಯುತ್ತಿರುವ ಕಬ್ಬಿಣ.

ಕಿಡಿ ಬಂತು ಅಂದಮಾತ್ರಕ್ಕೆ ಬೆಂಕಿ ಬಂತು ಅಂತಲ್ಲ. ಒಣಹುಲ್ಲು ಇಟ್ಟು ಹೊಡೆಯುತ್ತಾನೆ, ಹತ್ತುವುದಿಲ್ಲ. ಸಣ್ಣ ಕಡ್ಡಿ ಸೇರಿಸುತ್ತಾನೆ, ಊಹೂಂ. 20 ಡಾಲರ್ ನೋಟನ್ನೇ ಚೂರು ಚೂರು ಮಾಡಿ ಇಡುತ್ತಾನೆ. ಅದೂ ಆಗುವುದಿಲ್ಲ. ಕೊನೆಗೆ ಹತ್ತಿರದ ಬರ್ಚ್ ಮರದ ತೊಗಟೆ ಕಣ್ಣಿಗೆ ಬೀಳುತ್ತದೆ. ಹಿಮಾಲಯದ ಭೂರ್ಜಪತ್ರ ಗೊತ್ತಲ್ಲ, ಅದೇ ಕುಲದ ಮರ. ಅದರ ತೊಗಟೆ ತೆಳ್ಳಗೆ ಸುಲಿದು ಬರುತ್ತದೆ. ಗಂಟೆಗಟ್ಟಲೆ ಕೂತು ಅದನ್ನು ಕೂದಲಿನಷ್ಟು ಸಣ್ಣಗೆ ಸೀಳುತ್ತಾನೆ. ಈಗ ಕಿಡಿ ಬಿದ್ದ ಕಡೆ ಕೆಂಪಗಾಗುತ್ತದೆ, ಆದರೆ ಆರಿಹೋಗುತ್ತದೆ.

ಇನ್ನೂ ಏನು ಬಾಕಿ? ಸೌದೆ ಒಲೆ ಹಚ್ಚಿದವರಿಗೆ ಕೇಳಬೇಕಾಗಿಲ್ಲ. ಊದುಗೊಳವೆ ಬೇಕು! ಬೆಂಕಿಗೆ ಮೂರು ಸೇರಬೇಕು: ಉರಿಯುವ ವಸ್ತು, ಶಾಖ, ಗಾಳಿಯಲ್ಲಿರುವ ಆಮ್ಲಜನಕ. ಒಂದು ತಪ್ಪಿದರೂ ಇಲ್ಲ. ಶಾಲೆಯಲ್ಲಿ ಓದಿದ್ದು ನೆನಪು ಮಾಡಿಕೊಂಡು ಬ್ರಯಾನ್ ಮೆಲ್ಲಗೆ ಊದುತ್ತಾನೆ. ಹತ್ತಿಕೊಳ್ಳುತ್ತದೆ. ಆ ಬೆಂಕಿಯನ್ನು ಗೆಳೆಯ ಅಂತ ಕರೆಯುತ್ತಾನೆ. ಹೊಗೆಗೆ ಸೊಳ್ಳೆಗಳೂ ಓಡಿಹೋಗುತ್ತವೆ.

ಇದನ್ನು ಓದಿದ ಮೇಲೆ ನಾನೂ ಹಿತ್ತಲಲ್ಲಿ ಕೂತು ನೋಡಿದೆ. ಒಂದು ಹಳೇ ಕತ್ತಿ, ಹೊಲದಿಂದ ತಂದ ಬೆಣಚುಕಲ್ಲು, ಕೈಯಲ್ಲಿ ಉಜ್ಜಿ ಹಿಂಜಿದ ತೆಂಗಿನ ನಾರು. ಹಗಲಲ್ಲಿ ಕಿಡಿ ಕಾಣಲೇ ಇಲ್ಲ. ಸಂಜೆ ಕತ್ತಲಾದ ಮೇಲೆ ಸಣ್ಣಗೆ ಚಿಟಪಟ ಹಾರಿತು. ನಾರಿಗೆ ಬಿದ್ದು ಬಿದ್ದು ಆರಿತು. ಅರ್ಧ ಗಂಟೆಗೆ ಕೈ ಬಿದ್ದುಹೋಯಿತು. ಪಕ್ಕದ ಮನೆಯ ಅಜ್ಜ ನೋಡಿ, “ನಾರು ಸಾಲದಪ್ಪ, ಬಗನಿ ಮರದ ಗರಿ ಬುಡದ ತುಪ್ಪಳ ಬೇಕು, ಇಲ್ಲಾ ಬೂರುಗದ ಅರಳೆ” ಅಂದರು. ಕಿಡಿಗೆ ಮೆತ್ತನೆಯ ಹಾಸಿಗೆ ಬೇಕು ಅನ್ನುವುದನ್ನು ಅವರು ಒಂದು ಸಾಲಲ್ಲಿ ಹೇಳಿದರು. ಬ್ರಯಾನ್‌ಗೆ ಹೇಳಲು ಅಜ್ಜ ಇರಲಿಲ್ಲ. ಅವನು ಹುಲ್ಲು, ಕಡ್ಡಿ, ನೋಟು ಎಲ್ಲ ದಾಟಿ ತಾನೇ ಅಲ್ಲಿಗೆ ಬರಬೇಕಾಯಿತು. ಪಾಲ್ಸನ್ ಕೂಡ ಬರೆಯುವ ಮೊದಲು ಕೊಡಲಿಯನ್ನು ಕಲ್ಲಿಗೆ ಹೊಡೆದು ತಾವೇ ಬೆಂಕಿ ಮಾಡಿ ನೋಡಿದ್ದರು. ಆ ಪುಟಗಳು ನಂಬುವ ಹಾಗಿರುವುದಕ್ಕೆ ಅದೂ ಒಂದು ಕಾರಣ.

## ನೋಡುವುದನ್ನು ಕಲಿಯುವುದು

ಮುಂದಿನ ಕಷ್ಟ ಊಟ. ನೀರಿನಲ್ಲಿ ಮೀನು ಬೇಕಾದಷ್ಟಿದೆ. ಈಟಿ ಮಾಡಿ ಚುಚ್ಚಿದರೆ ಸಿಗುವುದಿಲ್ಲ. ಬಿಲ್ಲು ಮಾಡುತ್ತಾನೆ, ಮೊದಲನೆಯದು ಮುರಿದು ಚೂರು ಹಾರಿ ಕಣ್ಣಿಗೇ ಅಪಾಯ ಆಗುವುದರಲ್ಲಿತ್ತು. ಎರಡನೆಯದರಲ್ಲಿ ಬಾಣ ಸರಿಯಾಗಿ ಹೋಗುತ್ತದೆ, ಆದರೂ ಮೀನಿಗೆ ತಗಲುವುದಿಲ್ಲ.

ಕಾರಣ ಕೈಯಲ್ಲಿರಲಿಲ್ಲ, ಕಣ್ಣಿನಲ್ಲಿತ್ತು. ಹೊಳೆ ದಂಡೆಯಲ್ಲಿ ನಿಂತು ನೋಡಿದರೆ ನೀರು ಮೊಣಕಾಲುದ್ದ ಅನ್ನಿಸುತ್ತದೆ, ಇಳಿದರೆ ಸೊಂಟದವರೆಗೆ ಬರುತ್ತದೆ. ನೀರಿನಿಂದ ಹೊರಗೆ ಬರುವಾಗ ಬೆಳಕು ಬಾಗುತ್ತದೆ. ಇದಕ್ಕೆ ವಕ್ರೀಭವನ ಅಂತಾರೆ. ಹಾಗಾಗಿ ಮೀನು ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ. ಕ್ಲಾಸಿನಲ್ಲಿ ಕೇಳಿದ್ದ ಈ ಪಾಠ ಬ್ರಯಾನ್‌ಗೆ ಥಟ್ಟನೆ ನೆನಪಾಗುತ್ತದೆ. ಕಾಣುವ ಮೀನಿಗಿಂತ ಕೆಳಗೆ ಗುರಿ ಇಡುತ್ತಾನೆ. ಮೀನು ಸಿಗುತ್ತದೆ.

ಹಕ್ಕಿಯ ಕಥೆಯೂ ಹೀಗೇ. ಅಲ್ಲಿ ಕಾಡುಕೋಳಿಯಂಥ ಗ್ರೌಸ್ ಹಕ್ಕಿಗಳಿವೆ. ಕಾಲ ಬುಡದಿಂದ ಭರ್ ಅಂತ ಹಾರುತ್ತವೆ, ಹಾರುವವರೆಗೆ ಕಾಣುವುದೇ ಇಲ್ಲ. ಬಣ್ಣ ತರಗೆಲೆಯ ಥರ. ಬ್ರಯಾನ್ ದಿನಗಟ್ಟಲೆ ಬಣ್ಣ ಹುಡುಕಿ ಸೋಲುತ್ತಾನೆ. ಒಂದು ದಿನ ಆಕಾರ ಹುಡುಕಬೇಕು ಅಂತ ಹೊಳೆಯುತ್ತದೆ. ಒಂದು ಕಡೆ ಚೂಪು, ಇನ್ನೊಂದು ಕಡೆ ದುಂಡು, ಪೇರ್ ಹಣ್ಣಿನ ಹಾಗೆ. ಅಷ್ಟು ಗೊತ್ತಾದ ಮೇಲೆ ನೋಡಿದಲ್ಲೆಲ್ಲ ಹಕ್ಕಿ. ಕಾಡು ಬದಲಾಗಿಲ್ಲ, ಹಕ್ಕಿಗಳು ಮೊದಲೂ ಅಲ್ಲೇ ಇದ್ದವು.

ಇಲ್ಲಿ ಶಾಲೆಯ ಪಾಠ ಕೆಲಸಕ್ಕೆ ಬರುವ ರೀತಿಯನ್ನು ಮಕ್ಕಳಿಗೆ ತೋರಿಸಬೇಕು ಅನ್ನಿಸುತ್ತದೆ. ಅವನು ಕಾಡಿನ ಬಗ್ಗೆ ಏನೂ ಓದಿಲ್ಲ. ಸುಮ್ನೆ ಕಿವಿಗೆ ಬಿದ್ದ ವಿಷಯಗಳು ತಲೆಯ ಯಾವುದೋ ಮೂಲೆಯಲ್ಲಿದ್ದವು, ಬೇಕಾದಾಗ ಎದ್ದು ಬಂದವು.

## ಕರಾನಳ ಕಷ್ಟ ಬೇರೆ

ಕರಾನ ದ್ವೀಪದಲ್ಲೇ ಹುಟ್ಟಿದವಳು. ಯಾವ ಬೇರು ತಿನ್ನಬಹುದು, ಯಾವ ಚಿಪ್ಪು ಎಲ್ಲಿ ಸಿಗುತ್ತದೆ ಎಲ್ಲ ಗೊತ್ತು. ಅವಳ ಜನ ಹಡಗು ಹತ್ತಿ ಹೊರಟಾಗ ತಮ್ಮ ದಡದಲ್ಲೇ ಉಳಿದದ್ದನ್ನು ನೋಡಿ ಸಮುದ್ರಕ್ಕೆ ಹಾರಿ ವಾಪಸ್ ಬರುತ್ತಾಳೆ. ಆ ತಮ್ಮನನ್ನು ಕಾಡುನಾಯಿಗಳು ಕೊಲ್ಲುತ್ತವೆ.

ಈಗ ಅವಳಿಗೆ ಆಯುಧ ಬೇಕು. ಆದರೆ ಹೆಣ್ಣುಮಕ್ಕಳು ಆಯುಧ ಮಾಡಬಾರದು ಅನ್ನುವುದು ಅವಳ ಜನರ ಕಟ್ಟಳೆ. ಮಾಡಿದರೆ ಗಾಳಿ ಬೀಸುತ್ತದೆ, ಭೂಮಿ ನಡುಗುತ್ತದೆ, ಬೇಕಾದ ಹೊತ್ತಿಗೆ ಆಯುಧ ಮುರಿಯುತ್ತದೆ ಅಂತ ಕೇಳಿ ಬೆಳೆದವಳು. ಕಟ್ಟಳೆ ಹಾಕಿದವರು ಯಾರೂ ಈಗ ದ್ವೀಪದಲ್ಲಿಲ್ಲ, ಆದರೂ ಅವಳ ಕೈ ನಡುಗುತ್ತದೆ. ನಡುಗುತ್ತಲೇ ಈಟಿ ಮಾಡುತ್ತಾಳೆ, ಬಿಲ್ಲು ಮಾಡುತ್ತಾಳೆ. ತಿಮಿಂಗಿಲದ ಪಕ್ಕೆಲುಬುಗಳನ್ನು ನೆಟ್ಟು ಮನೆಗೆ ಬೇಲಿ ಕಟ್ಟುತ್ತಾಳೆ. ತಮ್ಮನನ್ನು ಕೊಂದ ನಾಯಿಗಳ ನಾಯಕನಿಗೆ ಬಾಣ ಬಿಡುತ್ತಾಳೆ. ಅದು ಗಾಯವಾಗಿ ಬಿದ್ದಾಗ ಎರಡನೇ ಬಾಣ ಬಿಡಲು ಅವಳಿಂದ ಆಗುವುದಿಲ್ಲ. ಮನೆಗೆ ತಂದು ಸಾಕುತ್ತಾಳೆ, ರೊಂಟು ಅಂತ ಹೆಸರಿಡುತ್ತಾಳೆ.

ಜಾಣತನದ ಲೆಕ್ಕ ಹಾಕಿದರೂ ಅದು ಸರಿಯೇ, ಒಬ್ಬ ಶತ್ರು ಕಡಿಮೆಯಾಗಿ ಒಬ್ಬ ಕಾವಲುಗಾರ ಸಿಕ್ಕ. ಆದರೆ ಅವಳಿಗೆ ಸಿಕ್ಕ ದೊಡ್ಡ ಲಾಭ ಮಾತಾಡಲು ಒಂದು ಜೀವ. ವರ್ಷಗಟ್ಟಲೆ ಒಂಟಿಯಾಗಿರುವುದು ಹಸಿವಿನಷ್ಟೇ ದೊಡ್ಡ ಅಪಾಯ. ಈ ಕಥೆಗೆ ನಿಜವಾದ ಮೂಲವೂ ಇದೆ. ಕ್ಯಾಲಿಫೋರ್ನಿಯಾ ಕರಾವಳಿಯ ಸ್ಯಾನ್ ನಿಕೋಲಸ್ ದ್ವೀಪದಲ್ಲಿ 1835ರಿಂದ 18 ವರ್ಷ ಒಬ್ಬಂಟಿಯಾಗಿದ್ದ ಮಹಿಳೆಯೊಬ್ಬರು 1853ರಲ್ಲಿ ಪತ್ತೆಯಾದರು.

ಮಿಯಾಕ್ಸ್ ಪ್ರಾಣಿಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಅವಳಿರುವ ಬಯಲಲ್ಲಿ ಮರ ಇಲ್ಲ, ಗುರುತಿಗೆ ಗುಡ್ಡ ಇಲ್ಲ, ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ತೋಳಗಳು ಒಂದನ್ನೊಂದು ಹೇಗೆ ಮಾತಾಡಿಸುತ್ತವೆ ಅಂತ ದಿನಗಟ್ಟಲೆ ಮಲಗಿ ನೋಡುತ್ತಾಳೆ. ಅವುಗಳ ಹಾಗೆ ಬಾಗುತ್ತಾಳೆ, ಗುಂಪಿನ ನಾಯಕನ ಗಲ್ಲದ ಕೆಳಗೆ ಮೆಲ್ಲಗೆ ತಟ್ಟುತ್ತಾಳೆ. ಅವು ಅವಳನ್ನು ಗುಂಪಿಗೆ ಸೇರಿಸಿಕೊಂಡು ಊಟ ಕೊಡುತ್ತವೆ. ಪೈ ಮಾಡುವುದೂ ಹೆಚ್ಚುಕಡಿಮೆ ಇದೇ. ಹುಲಿಯನ್ನು ಕೊಲ್ಲಲು ಆಗುವುದಿಲ್ಲ, ಹಾಗಾಗಿ ಸೀಟಿ ಊದಿ, ದೋಣಿ ಅಲ್ಲಾಡಿಸಿ, ತನ್ನ ಗಡಿ ಎಲ್ಲಿದೆ ಅಂತ ಅದಕ್ಕೆ ಕಲಿಸುತ್ತಾನೆ.

## ಹೊರಗಿನ ಅಪಾಯ, ಒಳಗಿನ ಅಪಾಯ

ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಸಂಘರ್ಷ ಅನ್ನುವ ಪದ ಬರುತ್ತದೆ. ಸುಲಭವಾಗಿ ಹೇಳಿದರೆ, ಕಥೆಯಲ್ಲಿ ಯಾರು ಯಾವುದರ ಜೊತೆ ಗುದ್ದಾಡುತ್ತಿದ್ದಾರೆ ಅಂತ. ಪ್ರಕೃತಿಯ ಜೊತೆ ಗುದ್ದಾಟ ಎಲ್ಲರಿಗೂ ಕಾಣುತ್ತದೆ. ತನ್ನ ಜೊತೆಗಿನದು ಬೇಗ ಕಾಣುವುದಿಲ್ಲ.

‘ಹ್ಯಾಚೆಟ್’ನಲ್ಲಿ ಹುಡುಕಾಟದ ವಿಮಾನವೊಂದು ಬ್ರಯಾನ್‌ನ ಹತ್ತಿರ ಬಂದು, ಅವನನ್ನು ನೋಡದೆ ತಿರುಗಿ ಹೋಗುತ್ತದೆ. ಪುಸ್ತಕದ ಅತಿ ಕಷ್ಟದ ಜಾಗ ಇದು. ಆ ರಾತ್ರಿ ಅವನಿಗೆ ಬದುಕುವುದೇ ಬೇಡ ಅನ್ನಿಸಿ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾನೆ. ಲೇಖಕರು ಇದನ್ನು ತುಂಬ ಕಡಿಮೆ ಮಾತಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಮಗು ಈ ಪುಸ್ತಕ ಓದುತ್ತಿದ್ದರೆ ಅಪ್ಪ ಅಮ್ಮನಿಗೆ ಇದು ಗೊತ್ತಿರಲಿ, ಆ ಅಧ್ಯಾಯದ ಹೊತ್ತಿಗೆ ಜೊತೆಗೆ ಕೂತು ಮಾತಾಡಿ.

ಅವನು ಅದರಿಂದ ಎದ್ದು ಬರುತ್ತಾನೆ. ಯಾರೋ ಬಂದು ಕಾಪಾಡುತ್ತಾರೆ ಅಂತ ಪೂರ್ತಿ ಅದನ್ನೇ ನೆಚ್ಚಿಕೊಂಡು ಕೂರುವುದನ್ನು ಬಿಡುತ್ತಾನೆ. ಇವತ್ತಿನ ಸೌದೆ, ಇವತ್ತಿನ ಮೀನು, ಗಟ್ಟಿ ಬಾಗಿಲು. ಆಮೇಲೂ ತಪ್ಪುಗಳಾಗುತ್ತವೆ. ಹೂತಿಟ್ಟ ಆಮೆ ಮೊಟ್ಟೆಯನ್ನು ಸ್ಕಂಕ್ ಅನ್ನುವ ಪ್ರಾಣಿ ಅಗೆದು ತಿಂದು, ಕಣ್ಣಿಗೆ ಗಬ್ಬುನಾತದ ರಸ ಎರಚುತ್ತದೆ. ಅದಾದ ಮೇಲೆಯೇ ಊಟವನ್ನು ಪ್ರಾಣಿಗಳಿಗೆ ಎಟುಕದ ಹಾಗೆ ಇಡಬೇಕು ಅಂತ ಕಲಿಯುವುದು. ಮೂಸ್ ಅನ್ನುವ ಭಾರೀ ಜಿಂಕೆ ಗುದ್ದುತ್ತದೆ, ಅದೇ ರಾತ್ರಿ ಸುಂಟರಗಾಳಿ ಕಟ್ಟಿದ್ದನ್ನೆಲ್ಲ ಹೊತ್ತೊಯ್ಯುತ್ತದೆ. ಮೊದಲ ದಿನದ ಹುಡುಗನಾಗಿದ್ದರೆ ಕುಸಿದು ಕೂರುತ್ತಿದ್ದ. ಈಗ ಬೆಳಗ್ಗೆ ಎದ್ದು ಸೌದೆ ಹೊಂದಿಸುತ್ತಾನೆ.

## ಇದೆಲ್ಲ ನಿಜವಾಗಿ ಆಗುತ್ತದಾ?

ಆಗಿದೆ. 1971ರ ಡಿಸೆಂಬರ್ 24ರಂದು ಪೆರು ದೇಶದಲ್ಲಿ ಸಿಡಿಲು ಬಡಿದ ವಿಮಾನದಿಂದ ಬಿದ್ದ 17ರ ಯೂಲಿಯಾನ ಕೋಪ್ಕೆ ಒಬ್ಬರೇ ಬದುಕಿದರು. ಜೀವವಿಜ್ಞಾನಿಗಳಾಗಿದ್ದ ಅಪ್ಪ ಅಮ್ಮನ ಜೊತೆ ಮಳೆಕಾಡಿನಲ್ಲಿ ಇದ್ದವರು. ಸಣ್ಣ ತೊರೆ ಹಿಡಿದು ಹೋದರೆ ದೊಡ್ಡ ಹೊಳೆ, ಹೊಳೆ ಹಿಡಿದರೆ ಜನ ಅಂತ ಅಪ್ಪ ಹೇಳಿದ್ದರು. 11 ದಿನ ನಡೆದು ಜನರನ್ನು ಸೇರಿದರು.

1965ರಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದೇಶದ 6 ಹುಡುಗರು ದೋಣಿ ತಗೊಂಡು ಹೋಗಿ ಬಿರುಗಾಳಿಗೆ ಸಿಕ್ಕಿ ‘ಅಟಾ’ ಅನ್ನುವ ಜನರಿಲ್ಲದ ದ್ವೀಪ ಸೇರಿದರು. ಇಬ್ಬಿಬ್ಬರಂತೆ ಕೆಲಸ ಹಂಚಿಕೊಂಡರು. ಹಚ್ಚಿದ ಬೆಂಕಿಯನ್ನು ವರ್ಷಕ್ಕಿಂತ ಜಾಸ್ತಿ ಆರಲು ಬಿಡಲಿಲ್ಲ. ಒಬ್ಬನ ಕಾಲು ಮುರಿದಾಗ ಉಳಿದವರೇ ಕಟ್ಟು ಹಾಕಿ ವಾಸಿ ಮಾಡಿದರು. 1966ರ ಸೆಪ್ಟೆಂಬರಿನಲ್ಲಿ ಮೀನುಗಾರಿಕೆ ಹಡಗೊಂದು ಅವರನ್ನು ಕಂಡಿತು.

ಹತ್ತಿರದ ನೆನಪು 2023ರದ್ದು. ಮೇ 1ರಂದು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಚಿಕ್ಕ ವಿಮಾನ ಬಿತ್ತು. ಅಮ್ಮನೂ ಸೇರಿ ದೊಡ್ಡವರು ಮೂವರು ತೀರಿಕೊಂಡರು. ಉಯಿಟೊಟೊ ಬುಡಕಟ್ಟಿನ ನಾಲ್ಕು ಮಕ್ಕಳು ಉಳಿದರು. ದೊಡ್ಡವಳಿಗೆ 13, ಕೊನೆಯದು ಇನ್ನೂ ಕೈಗೂಸು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ಇರುವವರೆಗೆ ತಿಂದರು, ಆಮೇಲೆ ಕಾಡಿನ ಹಣ್ಣು, ಬೀಜ. ಯಾವುದು ತಿನ್ನಬಹುದು ಅನ್ನುವುದು ಮನೆಯಲ್ಲಿ ಹಿರಿಯರಿಂದ ಕಲಿತದ್ದು. ಹುಡುಕುತ್ತಿದ್ದವರು, ಇದ್ದಲ್ಲೇ ಇರಿ ಅನ್ನುವ ಅಜ್ಜಿಯ ದನಿಯನ್ನು ಧ್ವನಿವರ್ಧಕದಲ್ಲಿ ಕಾಡಿಗೆ ಕೇಳಿಸುತ್ತಿದ್ದರು. 40ನೇ ದಿನ ನಾಲ್ಕೂ ಮಕ್ಕಳು ಸಿಕ್ಕರು.

ಅಜ್ಜಿ ಹೇಳಿದ್ದು ಎಲ್ಲ ಮಕ್ಕಳಿಗೂ ಹೊಂದುತ್ತದೆ. ಅಮೆರಿಕದಲ್ಲಿ ಕಾಡಿನಲ್ಲಿ ಕಳೆದುಹೋದರೆ ಒಂದು ಮರ ತಬ್ಬಿಕೊಂಡು ಅಲ್ಲೇ ಇರು ಅಂತ ಶಾಲೆಯಲ್ಲೇ ಕಲಿಸುವ ಕಾರ್ಯಕ್ರಮವೂ ಇದೆ. ನಡೆಯುತ್ತಾ ಹೋದಷ್ಟೂ ಹುಡುಕುವವರಿಗೆ ಕಷ್ಟ. ಕಾದಂಬರಿ ಓದಿ ಕಾಡಿನ ಹಣ್ಣು ತಿಂದು ನೋಡಲು ಮಾತ್ರ ಯಾರೂ ಹೋಗಬೇಡಿ.

## ಹೋಂವರ್ಕಿನ ಉತ್ತರ

ಇಷ್ಟೆಲ್ಲ ಮಾತಾಡಿದ ಮೇಲೆ ಅಕ್ಕನ ಮಗಳು ಹೊಸದಾಗಿ ಬರೆದಳು. ಬೆಂಕಿಯ ಭಾಗ ಮಾತ್ರ ತಗೊಂಡು, ಅವನು ಎಷ್ಟು ಸಲ ಸೋತ, ಪ್ರತಿ ಸಲ ಏನು ಗಮನಿಸಿದ, ಏನು ಬದಲಿಸಿದ ಅಂತ ಬರೆದಿದ್ದಳು. ಧೈರ್ಯ ಅನ್ನುವ ಪದ ಎಲ್ಲೂ ಇರಲಿಲ್ಲ. ಓದಿ ಹೇಳಿದ ಮೇಲೆ, “ಮಾಮ, ಲಾಸ್ಟಲ್ಲಿ ಒಂದು ಚೆನ್ನಾಗಿದೆ” ಅಂದಳು.

ಸರೋವರದಲ್ಲಿ ಮುಳುಗಿದ್ದ ವಿಮಾನದ ಬಾಲ ಸುಂಟರಗಾಳಿಗೆ ಮೇಲೆ ಬಂದಿರುತ್ತದೆ, ಅದರೊಳಗೆ ಹೋಗಿ ಬ್ರಯಾನ್ ತುರ್ತು ಚೀಲ ತರುತ್ತಾನೆ. ಅದರಲ್ಲಿ ಒಂದು ಟ್ರಾನ್ಸ್‌ಮಿಟರ್, ಅಂದರೆ ರೇಡಿಯೋ ಸಂಕೇತ ಕಳಿಸುವ ಯಂತ್ರ. ಸ್ವಿಚ್ ಹಾಕಿ ನೋಡಿ, ಕೆಟ್ಟಿದೆ ಅಂದುಕೊಂಡು ಪಕ್ಕಕ್ಕಿಟ್ಟು ಅಡುಗೆಗೆ ಕೂರುತ್ತಾನೆ. ಅದು ಕೆಲಸ ಮಾಡುತ್ತಿರುತ್ತದೆ. ಅವನು ಕಾಡಿಗೆ ಬಿದ್ದು 54 ದಿನ ಆದ ಮೇಲೆ ಒಂದು ವಿಮಾನ ಸರೋವರದ ಮೇಲೆ ಇಳಿಯುತ್ತದೆ. ಪೈಲಟ್ ಬಾಗಿಲು ತೆಗೆದು ಅವನನ್ನೇ ನೋಡುತ್ತಾ ನಿಲ್ಲುತ್ತಾನೆ. ಹುಡುಗ ತನ್ನ ಹೆಸರು ಹೇಳುತ್ತಾನೆ. ಒಲೆಯ ಮೇಲಿನ ಅಡುಗೆ ಆಗಿದೆ ಅಂತ ನೋಡಿ, ಏನಾದರೂ ತಿನ್ನುತ್ತೀರಾ ಅಂತ ಕೇಳುತ್ತಾನೆ.

“ನಮ್ಮಜ್ಜಿ ಥರ” ಅಂದಳು ಅವಳು.